ಕಾಂಗೋದಪ್ಪನ ಹೊಟ್ಟೆ

ಸನ್ ೧೯೭೪, ಫೆಬ್ರುವರಿ ೧೨, ಮಂಗಳವಾರ. ಬೆಳಗಿನ ಒಂಬತ್ತೂ ಕಾಲಿಗೆ ಬೈಲಹೊಂಗಲ ಠಾಣೆಯ ಕಟ್ಟೆ ಹತ್ತಿ ಬಂದ ಮನುಷ್ಯ ಚಪ್ಪಲಿಗಳನ್ನು ಹೊರಗೆ ಜೋಡಿಸಿಟ್ಟು, ಹವಾಲ್ದಾರ ಪರಪ್ಪನ ಮೇಜಿನ ಮುಂದೆ ನೆಟ್ಟಗೆ ನಿಂತ. ಹೆಸರು ಶಟ್ಟೆಪ್ಪ, ವಯಸ್ಸು ಐವತ್ತೊಂದು, ಊರು ಗುಡ್ಡದಕೊಪ್ಪ. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸಿಪಾಯಿಯಾಗಿದ್ದು, ಪೆನ್ಶನ್ ಮೇಲೆ ಊರು ಸೇರಿ ಒಂಬತ್ತು ವರ್ಷವಾಗಿತ್ತು. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕಟ್ಟಿಗೆಯ ಮೂರ್ತಿಯೊಂದು ಕಳುವಾಗಿದೆ ಎಂದ.

ಪರಪ್ಪ ಪೆನ್ನು ಎತ್ತಲಿಲ್ಲ.

"ಯಾವ ದೇವರು?"

"ದೇವರಲ್ರಿ. ಊರಾಗ ಕಾಂಗೋದಪ್ಪ ಅಂತಾರ."

"ಈ ತಾಲೂಕಿನಾಗ ಇರೂ ಅಪ್ಪಗೋಳೆಲ್ಲಾ ನನಗ ಗೊತ್ತದಾರ. ಈ ಅಪ್ಪ ಹೊಸಬ. ಬೆಳ್ಳಿದೇನರ ಮೈಮ್ಯಾಲಿತ್ತ?"

"ಇಲ್ರಿ. ಬರೇ ಕಟ್ಟಿಗಿ."

"ಕಟ್ಟಿಗಿ ಕಳುವಾದ್ರ ಫಾರೆಸ್ಟಿನವರ ಕಡೆ ಹೋಗಪಾ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ನಿಜಗುಣಪ್ಪ ಇದನ್ನು ಕೇಳಿ ಆ ಮನುಷ್ಯನನ್ನು ಒಳಗೆ ಕರೆಸಿದ. ನಿಜಗುಣಪ್ಪನಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿಯೇ ಠಾಣೆಗೆ ಬರುವವನು. ಹಿಂದಿನ ಶ್ರಾವಣದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂತಿರಲಾರದೆ ಎಂಟಕ್ಕೇ ಬಂದುಬಿಡುತ್ತಿದ್ದ. ಬಂದರೂ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಆದರೂ ದೂರು ತಂದವನನ್ನು ನಿಲ್ಲಿಸಿ ಮಾತಾಡಿಸುವುದು ಅವನ ರೂಢಿಯಲ್ಲ.

"ಕುಂತ್ಕೊರ್ರಿ. ಮೊದಲಿಂದ ಹೇಳ್ರಿ."

ಶಟ್ಟೆಪ್ಪ ಹೇಳಿದ್ದು ಅರ್ಧ ತಾಸು ಹಿಡಿಯಿತು. ೧೯೬೨ರಲ್ಲಿ ವಿಶ್ವಸಂಸ್ಥೆಯ ಪಡೆಯೊಂದಿಗೆ ಅವನ ದಳವನ್ನು ಆಫ್ರಿಕದ ಕಾಂಗೋ ದೇಶಕ್ಕೆ ಕಳಿಸಿದ್ದರು. ಎಲಿಜಬೆತ್‌ವಿಲ್ ಎಂಬ ಪಟ್ಟಣದ ಹೊರಗೆ ನಿರಾಶ್ರಿತರ ದೊಡ್ಡ ಕ್ಯಾಂಪು. ಅಲ್ಲಿ ಸೊಂಗ್ಯೆ ಎಂಬ ಜನದ ಮುದುಕನೊಬ್ಬನ ಕಾಲಿನ ಹುಣ್ಣಿಗೆ ಶಟ್ಟೆಪ್ಪ ಎರಡು ತಿಂಗಳು ಪಟ್ಟಿ ಕಟ್ಟಿದ್ದ. ಮುದುಕ ತನ್ನ ಊರಿನ ವೈದ್ಯ. ಊರು ಬಿಟ್ಟು ಓಡುವಾಗ ಊರನ್ನು ಕಾಯುವ ಮೂರ್ತಿಯನ್ನು ಹೊದಿಕೆಯಲ್ಲಿ ಸುತ್ತಿ ತಂದಿದ್ದ. ಆ ಜನದ ಪದ್ಧತಿಯಲ್ಲಿ ಬಡಿಗ ಕೆತ್ತಿಕೊಟ್ಟ ಮೂರ್ತಿ ಬರೀ ಕಟ್ಟಿಗೆ. ವೈದ್ಯ ಅದರ ಹೊಟ್ಟೆಯ ಗುಳಿಯಲ್ಲಿ ಬೇರು, ಮಣ್ಣು, ಉಗುರು, ಕೂದಲು ತುಂಬಿ ಮುಚ್ಚಿದ ಮೇಲೆಯೇ ಅದಕ್ಕೆ ಬಲ. ಹುಟ್ಟಿದ ಮಕ್ಕಳು ಉಳಿಯಲೆಂದು, ಊರಿಗೆ ರೋಗ ಬಾರದಿರಲೆಂದು ಇಡೀ ಊರು ಅದನ್ನು ನಂಬಿರುತ್ತದೆ. ಬಲ ತುಂಬಿದ ಮೇಲೆ ಅದನ್ನು ಬರಿಗೈಯಿಂದ ಮುಟ್ಟಬಾರದು. ಎರಡು ತೋಳಿಗೆ ಎರಡು ಕೋಲು ಸಿಕ್ಕಿಸಿ ಎತ್ತಬೇಕು. ಊರೇ ಇಲ್ಲವಾದ ಮೇಲೆ ಇದನ್ನಿಟ್ಟುಕೊಂಡು ಏನು ಮಾಡಲಿ ಎಂದು ಮುದುಕ ಅದರ ಹೊಟ್ಟೆಯನ್ನು ಬರಿದು ಮಾಡಿ ಶಟ್ಟೆಪ್ಪನಿಗೆ ಕೊಟ್ಟಿದ್ದ.

"ಕೊಡೂ ಮುಂದ ಒಂದ ಮಾತ ಹೇಳಿದ್ರಿ. ಈಗ ಇದು ಕಟ್ಟಿಗಿ. ನಿಮ್ಮೂರು ಏನನ್ನ ಕಳಕೊಳ್ಳಾಕ ಅಂಜತೈತಿ, ಅದನ್ನ ತುಂಬು ಅಂದ."

"ನೀವು ಏನ ತುಂಬಿದ್ರಿ?"

"ಹಸುಗೂಸಿನ ಹೊಕ್ಕಳ ಬಳ್ಳಿ."

ನಿಜಗುಣಪ್ಪ ಬರೆಯುವುದನ್ನು ನಿಲ್ಲಿಸಿದ.

ಶಟ್ಟೆಪ್ಪ ಪಲ್ಟಣಿಯಲ್ಲಿದ್ದಾಗ ಊರಿನಲ್ಲಿ ಅವನ ಎರಡು ಕೂಸುಗಳು ಏಳೆಂಟು ದಿನದೊಳಗೆ ಸೆಟೆದುಕೊಂಡು ಸತ್ತಿದ್ದವು. ಧನುರ್ವಾತ. ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಗಾಯಕ್ಕೆ ಸೆಗಣಿಯ ಬೂದಿ ಮೆತ್ತುವುದರಿಂದ ಬರುವ ರೋಗ ಅದೆಂದು ಅವನು ಆಸ್ಪತ್ರೆಯಲ್ಲಿ ಕಲಿತಿದ್ದ. ಊರಿಗೆ ಬಂದು ಒಂದು ವರ್ಷ ಮನೆಮನೆಗೆ ಹೇಳಿದ. ಬ್ಲೇಡು ಕುದಿಸಿರಿ, ಬೂದಿ ಹಚ್ಚಬೇಡಿರಿ. ಯಾರೂ ಕೇಳಲಿಲ್ಲ. ಆಮೇಲೆ ಮೂರ್ತಿಯನ್ನು ಗೋಡೆಯ ಮಾಡದಲ್ಲಿಟ್ಟು ಹೇಳಿದ: ಈ ಅಪ್ಪ ಉದುರಿದ ಬಳ್ಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂಸನ್ನು ಕಾಯುತ್ತಾನೆ. ಆದರೆ ಕುದಿಸಿದ ಬ್ಲೇಡಿನಿಂದ ಕೊಯ್ದದ್ದೇ ಆಗಬೇಕು, ಬೂದಿ ಸೋಕಿದ್ದು ನಡೆಯುವುದಿಲ್ಲ. ಕೇರಿಯ ಹೆಂಗಸರು ಅದನ್ನು ಕೇಳಿದರು. ಎಂಟು ವರ್ಷದಲ್ಲಿ ಮೂವತ್ತೊಂದು ಬಳ್ಳಿಗಳು ಆ ಹೊಟ್ಟೆ ಸೇರಿದ್ದವು.

"ಮೂರ್ತಿ ಹೋತಂತ ನಿನ್ನೆ ಸಂಜೀಗೇ ಸೂಲಗಿತ್ತಿ ಹೇಳಿಬಿಟ್ಟಾಳ್ರಿ, ಅಪ್ಪನ ಇಲ್ಲಂದ ಮ್ಯಾಲ ಹಳೇ ಪದ್ಧತೀನ ಚಲೋ ಅಂತ. ನನ್ನ ಸೊಸಿ ಕೆಂಪವ್ವಗ ಒಂಬತ್ತ ತುಂಬೈತಿ. ಇವತ್ತೊ ನಾಳೆಯೊ ಅನ್ನೂ ಹಂಗ ಅದಾಳ. ಬಳ್ಳಿ ಎಲ್ಲಾರ ಬಿದ್ದು ನಾಯಿ ಬಾಯಿಗೆ ಹೋದ್ರ ಮಕ್ಕಳು ಉಳಿಯಂಗಿಲ್ಲ ಅಂತ ತಾಯಂದ್ರು ಅಳಾಕ ಹತ್ಯಾರ. ಹೊಟ್ಟ್ಯಾಗಿಂದು ಸಿಗಬೇಕ್ರಿ ಸಾಹೇಬ್ರ. ಕಟ್ಟಿಗಿ ಸಿಗದಿದ್ರೂ ನಡೀತೈತಿ."

"ನೀವು ಅದನ್ನ ನಂಬ್ತೀರೇನು?"

"ಮಕ್ಕಳು ಉಳದಾವ್ರಿ," ಎಂದ.

೧೦-೧೦ಕ್ಕೆ ಭಾರತೀಯ ದಂಡ ಸಂಹಿತೆಯ ೪೫೪ ಮತ್ತು ೩೮೦ನೇ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತುವಿನ ವರ್ಣನೆ ಎಂಬಲ್ಲಿ ನಿಜಗುಣಪ್ಪ ಹೀಗೆ ಬರೆದ: ಕರಿ ಕಟ್ಟಿಗೆಯ ಗಂಡು ಮೂರ್ತಿ, ಎತ್ತರ ಒಂದೂವರೆ ಮೊಳ. ಎರಡೂ ಕೈ ಉಬ್ಬಿದ ಹೊಟ್ಟೆಯ ಮೇಲೆ. ಮುಖಕ್ಕೆ ತಾಮ್ರದ ಪಟ್ಟಿಗಳು, ನೆತ್ತಿಯಲ್ಲಿ ಕೊಂಬು. ಹೊಟ್ಟೆಯಲ್ಲಿ ಗುಳಿ, ಮೇಣದ ಮುಚ್ಚಳ.

ಮಧ್ಯಾಹ್ನಕ್ಕೆ ಮುಂಚೆ ಗುಡ್ಡದಕೊಪ್ಪದಲ್ಲಿ ಸ್ಥಳದ ಪಂಚನಾಮೆ ನಡೆಯಿತು. ಎರಡಂಕಣದ ಮನೆ. ಒಳಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಮಾಡ ಖಾಲಿ. ಹಿತ್ತಲ ಬಾಗಿಲಿಗೆ ಕೀಲಿ ಹಾಕುವ ರೂಢಿಯಿಲ್ಲ, ಬರೀ ಚಿಲಕ. ಸೋಮವಾರ ಹತ್ತು ಗಂಟೆಗೆ ಕೆಂಪವ್ವನನ್ನು ತಪಾಸಣೆಗೆಂದು ಮನೆಯವರೆಲ್ಲ ಬೈಲಹೊಂಗಲದ ಆಸ್ಪತ್ರೆಗೆ ಕರೆದೊಯ್ದಿದ್ದರು. ನಾಲ್ಕಕ್ಕೆ ತಿರುಗಿ ಬಂದಾಗ ಮೂರ್ತಿ ಇರಲಿಲ್ಲ.

ಮಾಡದ ಪಕ್ಕದ ಗೂಟಕ್ಕೆ ಟ್ರಾನ್ಸಿಸ್ಟರ್ ರೇಡಿಯೋ ನೇತುಹಾಕಿತ್ತು. ಕೆಳಗೆ ಹಿತ್ತಾಳೆಯ ಎರಡು ಕೊಡ ಇದ್ದವು. ನಿಜಗುಣಪ್ಪ ಅವುಗಳನ್ನು ನೋಡಿ, ಮತ್ತೇನು ಹೋಗಿದೆ ಎಂದು ಕೇಳಿದ. ಶಟ್ಟೆಪ್ಪ ಮೂಲೆಯಲ್ಲಿ ತಡಕಿ, ಮೂರ್ತಿಯನ್ನು ಎತ್ತುವ ಎರಡು ಬಿದಿರು ಕೋಲುಗಳೂ ಇಲ್ಲವೆಂದ.

"ರೇಡಿಯೋ ಬಿಟ್ಟು ಕೋಲ ಒಯ್ದಾನ," ಎಂದು ಪರಪ್ಪ ನಕ್ಕ. "ಇಂಥಾ ಶಾಣ್ಯಾ ಕಳ್ಳನ್ನ ನಾ ಈವರೆಗೆ ನೋಡಿಲ್ಲ."

ನಿಜಗುಣಪ್ಪ ನಗಲಿಲ್ಲ. ಕೋಲುಗಳ ವಿಷಯವನ್ನು ಪಂಚನಾಮೆಯಲ್ಲಿ ಬೇರೆಯಾಗಿ ಬರೆಸಿದ. ಅಂಗಳದಲ್ಲಿ ಹೆಂಗಸರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

ಮೂರ್ತಿಯ ಮೇಲೆ ಹಿಂದೆ ಯಾರಾದರೂ ಕಣ್ಣು ಹಾಕಿದ್ದರೇ ಎಂದು ಕೇಳಿದಾಗ ಒಂದು ಹೆಸರು ಬಂತು. ಸವದತ್ತಿಯಲ್ಲಿ ಹಳೆಯ ಸಾಮಾನು ಕೊಂಡು ಮಾರುವ ಬಾಳು. ದೀಪಾವಳಿಯ ಹೊತ್ತಿಗೆ ಬಂದು ಮೂರ್ತಿಯನ್ನು ಕೊಡೆಂದು ಎರಡು ಸಲ ಗಂಟುಬಿದ್ದಿದ್ದ. ಜೀಪು ಅಲ್ಲಿಂದಲೇ ಸವದತ್ತಿಗೆ ಹೋಯಿತು.

ಬಾಳುವಿನ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಒಡೆದ ತೊಟ್ಟಿಲು, ಬಾಗಿಲ ಚೌಕಟ್ಟು, ಹಿತ್ತಾಳೆಯ ದೀಪದ ಸಮೆಗಳ ನಡುವೆ ಅವನು ಊಟಕ್ಕೆ ಕೂತಿದ್ದ. ಪೊಲೀಸರನ್ನು ಕಂಡು ಏಳಲಿಲ್ಲ. ರೊಟ್ಟಿಯ ತಾಟನ್ನು ಮಾತ್ರ ಪಕ್ಕಕ್ಕೆ ಸರಿಸಿದ.

"ನಿನ್ನೆ ಮಧ್ಯಾಹ್ನ ಎಲ್ಲಿದ್ದಿ?"

"ರಾಮದುರ್ಗದಾಗ್ರಿ."

"ನೋಡಿದವರು?"

"ನಿಮ್ಮವರ ನೋಡ್ಯಾರ್ರಿ. ಅಲ್ಲೀ ಠಾಣ್ಯಾಗಿದ್ದೆ. ಬಸ್ ಸ್ಟ್ಯಾಂಡಿನಾಗ ಜಗಳಾಡಿದೆ ಅಂತ ಮುಂಜಾನಿ ಒಳಗ ಹಾಕಿ, ದೀಪ ಹಚ್ಚೂ ಹೊತ್ತಿಗೆ ಬಿಟ್ರು. ಪೊಲೀಸರಂಥಾ ಸಾಕ್ಷಿ ನನಗ ಎಂದೂ ಸಿಕ್ಕಿದ್ದಿಲ್ಲ ಬಿಡ್ರಿ."

ಸವದತ್ತಿ ಠಾಣೆಯಿಂದ ರಾಮದುರ್ಗಕ್ಕೆ ಫೋನು ಹಚ್ಚಿ ಕೇಳಲಾಯಿತು. ಮಾತು ನಿಜವಾಗಿತ್ತು. ನಿಜಗುಣಪ್ಪ ತಿರುಗಿ ಅಂಗಡಿಗೆ ಬಂದು, ಮೂರ್ತಿಯನ್ನು ನಿನಗೆ ಬೇರೆ ಯಾರಾದರೂ ತಂದು ಮಾರಬಹುದಿತ್ತಲ್ಲ ಎಂದ.

"ತಂದಿದ್ರ ತಗೋತಿದ್ದೆ, ಸುಳ್ಳ ಯಾಕ ಹೇಳ್ಲಿ. ಗೋವಾದ ಗಿರಾಕಿ ಅದಾರ. ಆದ್ರ ಮೊದಲ ಹೊಟ್ಟಿ ಬಗದು ತೊಳದು ತಾ ಅಂತಿದ್ದೆ. ಗಿರಾಕಿಗೆ ಬೇಕಾಗಿದ್ದು ಕಟ್ಟಿಗಿ, ಮುಖದ ಮ್ಯಾಲಿನ ತಾಮ್ರ. ಹೊಟ್ಟ್ಯಾಗಿನ ಕಸಾ ತಗೊಂಡು ಏನ್ ಮಾಡೂದ್ರಿ?"

ಸಂಜೆ ಬೈಲಹೊಂಗಲಕ್ಕೆ ಮರಳಿದರು. ಆ ದಿನದ ಕೇಸ್ ಡೈರಿಯಲ್ಲಿ ಪ್ರಗತಿ ಇಲ್ಲ ಎಂದು ಬರೆಯಲಾಯಿತು.

೧೩ರಂದು, ಬುಧವಾರ, ಬೆಳಿಗ್ಗೆ ಏಳೂವರೆಗೆ ಗುಡ್ಡದಕೊಪ್ಪದ ಕುರಿಗಾಹಿ ಮಾಳಪ್ಪ ಸೈಕಲ್ಲಿನವನೊಬ್ಬನ ಹಿಂದೆ ಕೂತು ಠಾಣೆಗೆ ಬಂದ. ಊರ ಹೊರಗಿನ ಹೊಲದ ಬದುವಿನಲ್ಲಿ ಬನ್ನಿಗಿಡವಿದೆ, ಅದರ ಬುಡದಲ್ಲಿ ಕಾಂಗೋದಪ್ಪ ಕೂತಿದ್ದಾನೆ ಎಂದ.

"ಬಿದ್ದಾನೋ ಕುಂತಾನೋ?"

"ಕುಂತಾನ್ರಿ. ನೆರಳಿಗೆ, ಮೂಡಲಕ ಮುಖ ಮಾಡಿ. ನನಗಿಂತ ಚಲೋ ಕುಂತಾನ."

ಎಂಟೂ ಮುಕ್ಕಾಲಿಗೆ ಅಲ್ಲಿ ಎರಡನೇ ಪಂಚನಾಮೆ. ಮೂರ್ತಿಯ ಕೆಳಗೆ ಎಕ್ಕೆಯ ಎಲೆ ಹಾಸಿತ್ತು. ಹಣೆಗೆ ಅರಿಸಿನ, ಕುಂಕುಮ. ಎರಡು ಬಿದಿರು ಕೋಲುಗಳನ್ನು ಪಕ್ಕದಲ್ಲಿ ಜೋಡಿಸಿಟ್ಟಿದ್ದರು. ಮೈಮೇಲೆ ಒಂದು ಗೀರೂ ಇಲ್ಲ, ತಾಮ್ರದ ಪಟ್ಟಿಗಳು ಇದ್ದಲ್ಲಿಯೇ ಇದ್ದವು. ಹೊಟ್ಟೆಯ ಮೇಣದ ಮುಚ್ಚಳವನ್ನು ಮಾತ್ರ ಜೋಪಾನವಾಗಿ ಬಿಡಿಸಿ ಎಲೆಯ ಮೇಲಿಟ್ಟಿದ್ದರು. ಗುಳಿ ಖಾಲಿ. ಸುತ್ತ ಹತ್ತು ಮಾರು ಹುಡುಕಿದರೂ ಒಂದು ಬಳ್ಳಿ ಬಿದ್ದಿರಲಿಲ್ಲ.

ಶಟ್ಟೆಪ್ಪ ಮೂರ್ತಿಯನ್ನು ನೋಡಿ ಹಿಗ್ಗಲಿಲ್ಲ. ಗುಳಿಯೊಳಗೆ ಬಗ್ಗಿ ನೋಡಿ, ದೂರ ಹೋಗಿ ನಿಂತ.

ನಿಜಗುಣಪ್ಪ ಬದುವಿನ ಮೇಲೆ ಕೂತ. ಹಿಂದಿನ ದಿನ ಬಾಳು ಹೇಳಿದ್ದು ನೆನಪಾಯಿತು. ಮಾರುವ ಕಳ್ಳನಾಗಿದ್ದರೆ ಕಟ್ಟಿಗೆಯನ್ನು ಒಯ್ದು ಹೊಟ್ಟೆಯೊಳಗಿನದನ್ನು ಚೆಲ್ಲುತ್ತಿದ್ದ. ಇಲ್ಲಿ ಕಟ್ಟಿಗೆ ಉಳಿದಿದೆ, ಹೊಟ್ಟೆಯೊಳಗಿನದು ಹೋಗಿದೆ. ಬರಿಗೈಯಲ್ಲಿ ಮುಟ್ಟಲು ಅಂಜಿದವರು, ಅರಿಸಿನ ಹಚ್ಚಿ ಕೂರಿಸಿ ಹೋದವರು. ಇದು ಕೇಡು ಬಯಸಿದವರ ಕೆಲಸವಲ್ಲ. ಆ ಹೊಟ್ಟೆಯಲ್ಲಿ ತಮ್ಮದೊಂದು ಇದ್ದವರ ಕೆಲಸ.

"ಶಟ್ಟೆಪ್ಪ, ಮೂವತ್ತೊಂದು ಬಳ್ಳಿ ಅಂದ್ರಿ. ಆ ಮಕ್ಕಳೆಲ್ಲಾ ಅದಾವ?"

"ಮೂವತ್ತು ಅದಾವ್ರಿ."

"ಇನ್ನೊಂದು?"

"ಹೋತು."

"ಯಾರ್ದು?"

"ಅದನ್ನ ಹೇಳೂದಿಲ್ರಿ. ಮ್ಯಾಲಿನ ಓಣಿಯವರು ನಮ್ಮ ಕೇರಿಗೆ ಬರತಿದ್ದಿಲ್ಲ. ಆ ಮನಿಯವರು ಬಂದ್ರು. ಬಂದದ್ದು ಯಾರಿಗೂ ತಿಳಿಬಾರದು ಅಂದ್ರು. ಮಾತ ಕೊಟ್ಟೇನಿ."

"ಕೆಂಪವ್ವ ಇವತ್ತ ಹಡದ್ರ?"

ಶಟ್ಟೆಪ್ಪನ ಕಣ್ಣು ತುಂಬಿದವು. ಹೆಸರು ಮಾತ್ರ ಹೇಳಲಿಲ್ಲ. ನಿಜಗುಣಪ್ಪ ಮತ್ತೆ ಕೇಳಲಿಲ್ಲ. ಪರಪ್ಪ ದನಿ ಏರಿಸಲು ಹೋದಾಗ ಕೈಯೆತ್ತಿ ತಡೆದ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆನ್ನುವವನನ್ನು ಜಗ್ಗಾಡಿ ಮಾತು ಹೊರಡಿಸುವ ಹುಮ್ಮಸ್ಸು ಅವನಲ್ಲಿ ಉಳಿದಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಸರಕಾರ ಇಂಥದ್ದಕ್ಕೆಂದೇ ಒಂದು ಪುಸ್ತಕ ಇಟ್ಟಿರುತ್ತದೆ.

ಊರಿನ ಲೆಕ್ಕಪತ್ರ ನೋಡುವ ತಲಾಟಿಯ ಚಾವಡಿಯಲ್ಲಿ ಜನನ ಮರಣದ ರಿಜಿಸ್ಟರ್ ತೆಗೆಸಿದರು. ಮೇಲಿನ ಓಣಿಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಸತ್ತ ಕೂಸು ಒಂದೇ. ಹಣಮಂತಪ್ಪನ ಗಂಡುಮಗು. ಹುಟ್ಟಿದ್ದು ಜನವರಿ ೧೬, ಸತ್ತದ್ದು ೨೫. ಕಾರಣದ ಅಂಕಣದಲ್ಲಿ "ಜ್ವರ" ಎಂದಿತ್ತು. ಬನ್ನಿಗಿಡವಿದ್ದ ಹೊಲ ಯಾರದೆಂದು ತಲಾಟಿಯನ್ನೇ ಕೇಳಿದಾಗ ಅವನು ಪುಟದ ಮೇಲಿನ ಅದೇ ಹೆಸರಿನ ಮೇಲೆ ಬೆರಳಿಟ್ಟ.

ಹಣಮಂತಪ್ಪನ ಮನೆಯ ಕಟ್ಟೆಯ ಮೇಲೆ ಅವನ ತಾಯಿ ಬೀರವ್ವ ಬೇಳೆ ಹಸನು ಮಾಡುತ್ತಿದ್ದಳು. ಶಟ್ಟೆಪ್ಪ ಓಣಿಯ ತುದಿಯಲ್ಲಿಯೇ ನಿಂತಿದ್ದ. ಅವನನ್ನು ಕಂಡು ಬೀರವ್ವ ಮುಖ ತಿರುಗಿಸಿದಳು.

ಹಣಮಂತಪ್ಪ ಹೊರಗೆ ಬಂದ. ಸೋಮವಾರ ತಾನು ಕಿತ್ತೂರ ಕಡೆಯ ಗಾಣಕ್ಕೆ ಕಬ್ಬಿನ ಗಾಡಿ ಹೊಡೆದುಕೊಂಡು ಹೋಗಿ ಮಂಗಳವಾರ ಬೆಳಿಗ್ಗೆ ಬಂದೆನೆಂದ. ಜೊತೆಗೆ ಮೂರು ಗಾಡಿಗಳಿದ್ದವು. ಆ ಗಾಡಿಯವರನ್ನು ಪರಪ್ಪ ಅಲ್ಲಿಯೇ ಓಣಿಯಲ್ಲಿ ವಿಚಾರಿಸಿ ಬಂದು ಹೌದೆಂದ.

"ನಿಮ್ಮ ಮನಿಯವ್ರು ಎಲ್ಲಿ ಅದಾರ?"

"ತವರಿಗೆ ಹೋಗ್ಯಾಳ್ರಿ. ರಾಮದುರ್ಗ ತಾಲೂಕು."

"ಯಾವಾಗ ಹೋದ್ರು?"

ಉತ್ತರ ಕೊಟ್ಟವಳು ಬೀರವ್ವ. "ನಿನ್ನೆ ಮುಂಜಾನಿ ಬಸ್ಸಿಗೆ ಹೋದಳು. ನಾ ಬ್ಯಾಡಂದೆ. ಬಾಣಂತಿ ಮೈ, ಒಂದ ತಿಂಗಳೂ ತುಂಬಿಲ್ಲ. ಸೋಮವಾರ ಬ್ಯಾರೆ ಮೇವು ತರತೇನಿ ಅಂತ ಬುಟ್ಟಿ ಹೊತ್ಕೊಂಡು ಹೋದಾಕಿ ಹೊತ್ತ ಮುಣಗಿಸಿಕೊಂಡ ಬಂದ್ಲು, ಅದೂ ಖಾಲಿ ಬುಟ್ಟಿ. ಹೇಳಿದ್ರ ಎಲ್ಲಿ ಕೇಳತಾಳ?"

ಹೇಳಿದ ಮೇಲೆ ಆ ಮುದುಕಿಗೆ ತಾನೇನು ಹೇಳಿದೆನೆಂದು ಹೊಳೆಯಿತು. ಬೇಳೆಯ ಮೊರವನ್ನು ಕೆಳಗಿಟ್ಟಳು. ಹಣಮಂತಪ್ಪ ಕಂಬಕ್ಕೆ ಕೈ ಕೊಟ್ಟು ನಿಂತ. ಸ್ವಲ್ಪ ಹೊತ್ತಿನ ಮೇಲೆ, "ನಾನೂ ಬರತೇನ್ರಿ, ಊರ ತೋರಸತೇನಿ," ಎಂದ.

ಹೆಂಗಸನ್ನು ಕರೆತರುವುದಾದ್ದರಿಂದ ಹೆಂಗಸೊಬ್ಬಳು ಜೊತೆಗಿರಬೇಕಾಗಿತ್ತು. ಪರಪ್ಪನ ಹೆಂಡತಿ ತಾಯವ್ವನನ್ನು ಬೈಲಹೊಂಗಲದಿಂದ ಕರೆಸಿಕೊಂಡರು. ಸಿಗುವ ಮಾಲನ್ನು ಗುರುತಿಸಲು ಶಟ್ಟೆಪ್ಪ. ಹಣಮಂತಪ್ಪ ಜೀಪಿನ ಹಿಂದಿನ ಒಂದು ತುದಿಗೆ ಕೂತ, ಶಟ್ಟೆಪ್ಪ ಇನ್ನೊಂದು ತುದಿಗೆ. ನಡುವೆ ತಾಯವ್ವ ಎಲೆ ಅಡಿಕೆ ಬಿಚ್ಚಿ ಇಬ್ಬರಿಗೂ ಕೊಟ್ಟಳು. ಇಬ್ಬರೂ ತೆಗೆದುಕೊಂಡರು. ಸವದತ್ತಿ ದಾಟಿದ ಮೇಲೆ ಬಿಸಿಲು ಏರಿತು. ನಿಜಗುಣಪ್ಪನಿಗೆ ಮುಂದಿನ ಸೀಟಿನಲ್ಲಿ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ಪಂಚಾಕ್ಷರಿಯನ್ನು ಮನಸ್ಸಿನಲ್ಲಿಯೇ ಎಣಿಸುತ್ತ ಎಚ್ಚರವಾಗಿ ಕೂತ.

ಮಧ್ಯಾಹ್ನ ಒಂದೂ ನಲವತ್ತಕ್ಕೆ ಆ ಊರು ಮುಟ್ಟಿದರು. ಸತ್ಯವ್ವ ತವರಿನ ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು. ಇಪ್ಪತ್ತಾರರ ಪ್ರಾಯ, ಕಿವಿಗೆ ಬಾಣಂತಿಯ ಬಟ್ಟೆ ಕಟ್ಟಿದ್ದಳು. ಖಾಕಿ ಕಂಡು ಎದ್ದು ನಿಂತಳು. ಗಂಡನನ್ನು ನೋಡಿದಳು, ಅವನ ಹಿಂದಿದ್ದ ಶಟ್ಟೆಪ್ಪನನ್ನು ನೋಡಿದಳು. ಓಡಲಿಲ್ಲ.

"ಸೋಮವಾರ ಶಟ್ಟೆಪ್ಪನ ಮನಿಗೆ ಹೋಗಿದ್ದಿ?"

"ಹೋಗಿದ್ನಿರಿ."

"ಮೂರ್ತಿ ಹೆಂಗ ಒಯ್ದಿ?"

"ಕೋಲಿನಾಗ ಎತ್ತಿ ಬುಟ್ಟ್ಯಾಗಿಟ್ಟು, ಮ್ಯಾಲ ಮೇವು ಹಾಕಿದ್ನಿ. ಮುಟ್ಟಿಲ್ರಿ."

"ಹೊಟ್ಟ್ಯಾಗಿಂದು ಎಲ್ಲದ?"

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಗಂಟು ತೆಗೆದಳು. ಕೊಡಲಿಲ್ಲ, ಅಂಗೈಯಲ್ಲಿಯೇ ಹಿಡಿದುಕೊಂಡಳು. ತಾಯವ್ವ ಹತ್ತಿರ ಹೋಗಿ, ಕೂರು ತಂಗಿ ಎಂದು ತೋಳು ಹಿಡಿದು ಕೂರಿಸಿದಳು.

ಉಳಿದದ್ದನ್ನು ಸತ್ಯವ್ವ ತಲೆ ತಗ್ಗಿಸಿ ಹೇಳಿದಳು. ಮೊದಲಿನ ಎರಡು ಹೆರಿಗೆ ಇದೇ ಮನೆಯಲ್ಲಿ ಆಗಿದ್ದವು, ಎರಡೂ ಕೂಸು ಎಂಟು ದಿನದೊಳಗೆ ಹೋಗಿದ್ದವು. ಮೂರನೆಯದಕ್ಕೆ ತವರಿಗೆ ಬರುವುದಿಲ್ಲವೆಂದು ಹಟ ಮಾಡಿ ಗಂಡನ ಊರಿನಲ್ಲಿಯೇ ಉಳಿದಳು. ಎಂಟನೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಯಾರಿಗೂ ಕಾಣದಂತೆ ಶಟ್ಟೆಪ್ಪನ ಮನೆಗೆ ಹೋಗಿ ಕಾಂಗೋದಪ್ಪನಿಗೆ ಬೇಡಿಕೊಂಡು ಬಂದರು. ಬ್ಲೇಡು ಕುದಿಸಿದರು. ಆದರೆ ಮೂರನೇ ದಿನ ಅವಳು ಜಳಕಕ್ಕೆ ಹೋದಾಗ ಬೀರವ್ವ ಹೊಕ್ಕಳಿಗೆ ಬೂದಿ ಮೆತ್ತಿಬಿಟ್ಟಿದ್ದಳು. ಆರನೇ ದಿನ ಬಳ್ಳಿ ಉದುರಿತು. ಸತ್ಯವ್ವ ಅದನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಗಂಡನ ಕೈಯಲ್ಲಿ ಕೊಟ್ಟು ಕಳಿಸಿದಳು. ಬೂದಿಯ ಮಾತು ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಒಲ್ಲೆನೆಂದಾನು ಎಂದು ಅಂಜಿದಳು.

ಶಟ್ಟೆಪ್ಪ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ಬೂದಿ ಅಂದಾಗ ಕಣ್ಣು ಮುಚ್ಚಿಕೊಂಡ.

"ಹಂಗಾದ್ರ ಅಪ್ಪನ ಮ್ಯಾಲಿನ ಸಿಟ್ಟಿಗೆ ಒಯ್ದೆಯೇನು?" ನಿಜಗುಣಪ್ಪ ಕೇಳಿದ.

"ಇಲ್ರಿ. ಸುಳ್ಳ ಮಾಡಿದಾಕಿ ನಾನು. ಅವಗ್ಯಾಕ ಸಿಟ್ಟಾಗ್ಲಿ?"

"ಮತ್ಯಾಕ?"

"ನನ್ನ ಮಗಂದು ಅಷ್ಟ ಇತ್ರಿ. ಅದೊಂದು. ಬ್ಯಾರೆ ಏನೂ ಉಳದಿಲ್ಲ. ಅದನ್ನ ತಗೊಂಡು ಬಂದ್ರಾತು ಅಂತ ಹೋದ್ನಿ."

"ಒಂದ ಬೇಕಾದ್ರ ಎಲ್ಲಾ ಯಾಕ ತಂದಿ?"

ಅವಳು ಗಂಟು ಬಿಚ್ಚಿ ಜೋಳದ ಮೊರದಲ್ಲಿ ಸುರಿದಳು. ಒಣಗಿ ಕರಿದಾಗಿ ಮುರುಟಿದ ಬಳ್ಳಿಗಳು, ಒಂದೊಂದೂ ಹುಣಸೆಯ ನಾರಿನ ತುಂಡಿನಷ್ಟು.

"ಗಿಡದ ಬುಡಕ ಕುಂತು ಎಲ್ಲಾ ಹರವಿ ನೋಡಿದ್ನಿ. ಎಲ್ಲಾ ಒಂದ ಥರ ಅದಾವ್ರಿ. ತಾಯಿಗೆ ಗೊತ್ತಾಗತೈತಿ ಅಂದ್ಕೊಂಡಿದ್ನಿ. ಗೊತ್ತಾಗಲಿಲ್ಲ. ಇಲ್ಲಿ ಬಂದೂ ನಿನ್ನೆಯಿಂದ ನೋಡೇನಿ."

ಆಗ ಶಟ್ಟೆಪ್ಪ ಗೋಡೆ ಬಿಟ್ಟು ಮುಂದೆ ಬಂದ. ಮೊರದ ಮುಂದೆ ಕುಕ್ಕುರುಗಾಲಲ್ಲಿ ಕೂತ. ಮಾಲನ್ನು ಗುರುತಿಸಿರಿ ಎಂದು ಪರಪ್ಪ ಕಾಗದ ಹಿಡಿದು ಕಾಯುತ್ತಿದ್ದ.

"ತಂಗಿ, ನನಗೂ ಗೊತ್ತಾಗೂದಿಲ್ಲವಾ," ಎಂದ ಶಟ್ಟೆಪ್ಪ. "ಇದರಾಗ ಒಂದ ತಗೋ. ನಿನ್ನ ಕೈಗೆ ಬಂದದ್ದು ನಿನ್ನ ಮಗಂದು. ಸಾಹೇಬ್ರು ಮೂವತ್ತ ಅಂತ ಬರಕೋತಾರ."

ಕಾನೂನಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿಜಗುಣಪ್ಪ ಬೇಲಿಯ ಕಡೆಗೆ ಮುಖ ಮಾಡಿ ನಿಂತ. ಪರಪ್ಪನೂ ಪೆನ್ನನ್ನು ಕಿಸೆಗೆ ಸಿಕ್ಕಿಸಿದ.

ಸತ್ಯವ್ವನ ಕೈ ಮೊರದ ಮೇಲೆ ಬಹಳ ಹೊತ್ತು ನಿಂತಿತು. ಒಂದನ್ನು ಎತ್ತಿದಳು. ಮತ್ತೆ ಅಲ್ಲಿಯೇ ಇಟ್ಟಳು.

"ಬ್ಯಾಡ್ರಿ ಕಾಕಾ," ಎಂದಳು. "ಬ್ಯಾರೆಯವರ ಕೂಸಿಂದು ಇದ್ರ? ಆ ಕೂಸು ಬದಕೇತಿ."

ಕೈ ಹಿಂದೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಜಪ್ತಿ ಪಂಚನಾಮೆಯಲ್ಲಿ ಮೂವತ್ತೊಂದು ಎಂದೇ ಬರೆಯಲಾಯಿತು. ಎರಡೂ ಇಪ್ಪತ್ತಕ್ಕೆ ಆರೋಪಿ ಸತ್ಯವ್ವ, ಗಂಡ ಹಣಮಂತಪ್ಪ, ಇವಳನ್ನು ತಾಯವ್ವನ ಸಮಕ್ಷಮ ಅರೆಸ್ಟ್ ಮಾಡಿದ ಬಗ್ಗೆ ಕಾಗದವಾಯಿತು. ಅವಳು ಹೆಬ್ಬೆಟ್ಟು ಒತ್ತಿದಳು.

ಜೀಪಿನ ಹತ್ತಿರ ಹೋಗುವಾಗ ನೆರೆಮನೆಯಲ್ಲಿ ಕೂಸೊಂದು ಅತ್ತಿತು. ಸತ್ಯವ್ವ ಎರಡೂ ತೋಳನ್ನು ಎದೆಗೆ ಒತ್ತಿ ಹಿಡಿದು ನಿಂತುಬಿಟ್ಟಳು. ಕುಪ್ಪಸ ಒದ್ದೆಯಾಗಿತ್ತು. ತಾಯವ್ವ ತನ್ನ ಸೆರಗನ್ನೇ ಅವಳಿಗೆ ಹೊದಿಸಿ ಹತ್ತಿಸಿದಳು. ಯಾರಿಗೂ ಕೇಳದಂತೆ ಏನನ್ನೋ ವಿಚಾರಿಸಿ, ಊರು ದಾಟಿದ ಮೇಲೆ ಮುಂದಿನ ಸೀಟಿಗೆ ಬಗ್ಗಿ ನಿಜಗುಣಪ್ಪನಿಗೆ ಹೇಳಿದಳು. ಕೂಸು ಹೋದ ದಿನ ಗಂಡಸರೇ ಎತ್ತಿಕೊಂಡು ಹೋಗಿ ಹೊಲದಲ್ಲಿ ಮಣ್ಣು ಮಾಡಿದ್ದಾರೆ. ಬಾಣಂತಿಯೆಂದು ಇವಳನ್ನು ಹೊಸಲು ದಾಟಗೊಡಲಿಲ್ಲ. ಎಲ್ಲಿ ಹುಗಿದರೆಂದು ಕೇಳಿದರೆ, ಮರೆತುಬಿಡು ಅಂದರಂತೆ. ಮೊದಲಿನ ಎರಡನ್ನೂ ಹಾಗೆಯೇ ಮಾಡಿದ್ದರು.

ಕಾಗದಪತ್ರಗಳಲ್ಲಿ ಈ ಕೇಸು ಚಿಕ್ಕದು. ೧೪ರಂದು ಆರೋಪಿಯನ್ನು ಬೈಲಹೊಂಗಲದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಅದೇ ದಿನ ಜಾಮೀನಾಯಿತು. ಮೂರ್ತಿಯನ್ನೂ ಬಳ್ಳಿಗಳನ್ನೂ ಮುಚ್ಚಳಿಕೆ ಬರೆಸಿಕೊಂಡು ಫಿರ್ಯಾದಿಗೆ ಮರಳಿಸಲು ಕೋರ್ಟು ಒಪ್ಪಿತು. ೧೬ರ ಬೆಳಿಗ್ಗೆ ಕೆಂಪವ್ವ ಹೆಣ್ಣು ಹೆತ್ತಳು. ಸೂಲಗಿತ್ತಿ ಬ್ಲೇಡು ಕುದಿಸಿದಳು. ಎಪ್ರಿಲ್‌ನಲ್ಲಿ ಸತ್ಯವ್ವ ತಪ್ಪೊಪ್ಪಿಕೊಂಡಳು. ಮೊದಲ ಅಪರಾಧವೆಂದು ಕೋರ್ಟು ಏಳುವವರೆಗೆ ಕೂರುವ ಶಿಕ್ಷೆಯಾಯಿತು. ಅಪರಾಧದ ಉದ್ದೇಶವೇನೆಂಬಲ್ಲಿ ನಿಜಗುಣಪ್ಪ ಒಂದು ಸಾಲು ಬರೆದಿದ್ದ: ಸತ್ತ ಮಗನ ಗುರುತು ಬೇರೇನೂ ಇರಲಿಲ್ಲ.

ಕಾಗದದಲ್ಲಿ ಇಲ್ಲದ್ದು ಒಂದಿದೆ. ಅರೆಸ್ಟ್ ಆದ ದಿನ ಸಂಜೆ ಐದೂ ನಲವತ್ತಕ್ಕೆ ಜೀಪು ಗುಡ್ಡದಕೊಪ್ಪದ ಹೊರಗೆ ಬಂದಾಗ ನಿಜಗುಣಪ್ಪ ನಿಲ್ಲಿಸಲು ಹೇಳಿದ. ಕೆಳಗಿಳಿದು ಹಿಂದಕ್ಕೆ ಹೋದ.

"ಹಣಮಂತಪ್ಪ, ಇಳೀರಿ. ಎಲ್ಲಿ ಅಂತ ತೋರಸ್ರಿ."

ಹಣಮಂತಪ್ಪನಿಗೆ ಏನೆಂದು ಕೇಳದೆಯೇ ಅರ್ಥವಾಯಿತು. ಬದುವಿನ ಗುಂಟ ಮುಂದೆ ನಡೆದ. ಕಡಲೆಯ ಹೊಲದ ಮೂಲೆಯಲ್ಲಿ ಕಾರಿಗಿಡದ ಹತ್ತಿರ ನಿಂತು, ಕಾಲಿನಿಂದಲ್ಲ, ಕೈಯಿಂದ ತೋರಿಸಿದ. ಸತ್ಯವ್ವ ಅಲ್ಲಿ ಕೂತಳು. ಅಳಲಿಲ್ಲ. ಮಣ್ಣಿನ ಮೇಲಿದ್ದ ಸಣ್ಣ ಹರಳುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಆಮೇಲೆ ಅಂಗೈಯನ್ನು ಮಣ್ಣಿನ ಮೇಲೆ ಊರಿ ಕೂತಳು. ಗಂಡ ಪಕ್ಕದಲ್ಲಿ ನಿಂತಿದ್ದ, ಸ್ವಲ್ಪ ಹೊತ್ತಿಗೆ ಅವನೂ ಕೂತ.

ಜೀಪಿನ ಹತ್ತಿರ ಪರಪ್ಪ ಸ್ಟೇಷನ್ ಡೈರಿಗೆ ಏನು ಬರೆಯಲೆಂದು ಕೇಳಿದ. ಆರೋಪಿಯನ್ನು ಸಾಗಿಸುವ ದಾರಿಯಲ್ಲಿ ಎಲ್ಲಿ ನಿಂತರೂ ಕಾರಣ ಬರೆಯಬೇಕಾಗಿತ್ತು. ನಿಜಗುಣಪ್ಪ ಹೊಲದ ಕಡೆಗೆ ನೋಡುತ್ತ ನಿಂತಿದ್ದ. ಪಂಚಾಕ್ಷರಿಗೆ ಅವನ ತುಟಿಗಳು ಅಲುಗುತ್ತಿದ್ದವು.

೫-೪೦ರಿಂದ ೫-೫೫ರ ತನಕ ರೇಡಿಯೇಟರಿಗೆ ನೀರು ಹಾಕಲು ವಾಹನ ನಿಲ್ಲಿಸಲಾಗಿತ್ತು ಎಂದು ಡೈರಿಯಲ್ಲಿ ಬರೆದಿದೆ.